ಟಿಕೆಟ್ಟಕ್ಕನ ಎಡಗಾಲು, ಬಲಗಾಲು

ಊರಿನ ಹಳೆಯ ಸಿನಿಮಾ ಮಂದಿರ ಮುಚ್ಚಿದಾಗ ಅಲ್ಲಿ ಕೆಲಸಕ್ಕಿದ್ದವರೆಲ್ಲ ಬೀದಿಗೆ ಬಿದ್ದರು ಎಂದು ಜನ ಆಡಿಕೊಂಡರು. ನಿಜಕ್ಕೂ ಯಾರೂ ಬೀದಿಗೆ ಬೀಳಲಿಲ್ಲ, ಮನೆಯೊಳಗೆ ಬಿದ್ದರು. ಬೀದಿಗೆ ಬಿದ್ದಿದ್ದರೆ ನಾಲ್ಕು ಜನರ ಕಣ್ಣಿಗಾದರೂ ಬೀಳುತ್ತಿದ್ದರು.

ಹಾಗೆ ಮನೆಯೊಳಗೆ ಬಿದ್ದವರಲ್ಲಿ ಟಿಕೆಟ್ಟಕ್ಕನೂ ಒಬ್ಬಳು. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ. ಮಗಳು ನರ್ಸಿಂಗ್ ಓದುವಷ್ಟು ದೊಡ್ಡವಳಾಗುವವರೆಗೂ ಅದೇ ಕಿಂಡಿಯ ಹಿಂದೆ, ಅದೇ ಎತ್ತರದ ಸ್ಟೂಲಿನ ಮೇಲೆ ಕೂತು ಟಿಕೆಟ್ ಹರಿದು ಕೊಟ್ಟಿದ್ದಳು. ಹೌಸ್‌ಫುಲ್ ಬೋರ್ಡು ಬಿದ್ದ ದಿನ ಊರಿನ ದೊಡ್ಡ ಮನುಷ್ಯರೂ ಸೊಂಟ ಬಗ್ಗಿಸಿ ಕಿಂಡಿಗೆ ಬಾಯಿಟ್ಟು, ಅಕ್ಕಾ, ಎರಡೇ ಎರಡು ಎಂದು ಹಲ್ಲು ಗಿಂಜುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಹೆಚ್ಚಾಗಿ ಕೈಗಳೇ. ಉಂಗುರದ ಕೈ, ಗ್ರೀಸು ಮೆತ್ತಿದ ಕೈ, ಬೆವರಿದ ಕೈ. ಊರೆಲ್ಲ ತನಗೆ ಗೊತ್ತು ಎಂದು ಅವಳು ನಂಬಿದ್ದು ಆ ಕೈಗಳ ಪರಿಚಯದ ಮೇಲೆ.

ಕೆಲಸ ಹೋದ ಮೇಲೆ ಮನೆಯಲ್ಲಿ ಕೂರುವುದು ಅವಳಿಗೆ ಆಗಿಬರಲಿಲ್ಲ. ಬಟ್ಟೆ ಅಂಗಡಿಗೆ ಹೋಗಿ ಕೇಳಿದಳು. ಇಡೀ ದಿನ ನಿಂತೇ ಇರಬೇಕು ಎಂದರು. ಇಷ್ಟು ವರ್ಷ ಕೂತು ದುಡಿದವಳು, ಆಗಲಿ ನಿಲ್ಲುತ್ತೇನೆ ಎಂದಳು. ಆಗ ವಯಸ್ಸು ಕೇಳಿದರು. ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ಟಿಕೆಟ್ಟಕ್ಕನ ಮಗಳ ಓರಗೆಯ ಹುಡುಗಿ. ಕಂಪ್ಯೂಟರ್ ಬರುತ್ತಾ ಎಂದು ಕೇಳಿ, ಉತ್ತರ ಕಿವಿಗೆ ಬೀಳುವ ಮೊದಲೇ ಅರ್ಜಿಯನ್ನು ಪಕ್ಕಕ್ಕೆ ಸರಿಸಿದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದೆ ಕೂರಲು ಒಬ್ಬರು ಬೇಕಾಗಿತ್ತು. ಡಾಕ್ಟರು ಮಾತಾಡಿದಷ್ಟು ಹೊತ್ತೂ ಅವಳ ಹಲ್ಲುಗಳನ್ನೇ ನೋಡಿ, ತಿಳಿಸುತ್ತೇವೆ ಎಂದು ಕಳಿಸಿದರು. ಮನೆಗೆ ಬಂದವಳೇ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಳು. ಮುಂದಿನ ಹಲ್ಲೊಂದು ಸ್ವಲ್ಪ ವಾರೆಯಾಗಿತ್ತು. ಅದು ಹುಟ್ಟಿದಾಗಿನಿಂದ ಹಾಗೇ ಇತ್ತು. ಅವಳಿಗೆ ಕಂಡದ್ದು ಅವತ್ತು.

ಗಂಡ ಮನೆ ಮನೆ ತಿರುಗಿ ನೀರಿನ ಮೀಟರು ಓದುವ ಗುತ್ತಿಗೆಯ ನೌಕರ. ಒಳ್ಳೆಯವನು, ಆದರೆ ಮಾತು ಕಮ್ಮಿ. ಏನು ಹೇಳಿದರೂ ನೋಡೋಣ ಎನ್ನುತ್ತಿದ್ದ. ಮಾತಿನ ಬಾಕಿಯನ್ನೆಲ್ಲ ಅವನ ತಾಯಿ, ಅಂದರೆ ಟಿಕೆಟ್ಟಕ್ಕನ ಅತ್ತೆ, ತೀರಿಸುತ್ತಿದ್ದರು. "ಊರಿನ ನಲ್ಲಿ ನೀರಿನ ಲೆಕ್ಕ ಎಲ್ಲ ಇವನಿಗೆ ಗೊತ್ತು. ಹೆಂಡತಿ ಕಣ್ಣೀರಿಗೆ ಮಾತ್ರ ಮೀಟರ್ ಇಲ್ಲ ನೋಡು" ಎಂದು ಮಗನನ್ನೇ ಕುಟುಕುತ್ತಿದ್ದರು.

ಇಂಥ ದಿನಗಳಲ್ಲಿ ನಾದಿನಿ ಬಂದಳು. ಅತ್ತೆಯ ಒಬ್ಬಳೇ ಮಗಳು. ಊರಿನ ಆಚೆ ತುದಿಯಲ್ಲಿ ಮನೆ ಮಾಡಿಕೊಂಡು ತಾಯಿಯನ್ನು ನೋಡಲು ಕೂಡ ಅಪರೂಪಕ್ಕೆ ಬರುತ್ತಿದ್ದವಳು ಅವತ್ತು ಹಣ್ಣಿನ ಬುಟ್ಟಿ ಹಿಡಿದು, ಎದೆಗೆ ಬಂಗಾರದ ಬಣ್ಣದ ಬಿಲ್ಲೆಯೊಂದನ್ನು ಸಿಕ್ಕಿಸಿಕೊಂಡು ಬಂದಳು. ಅತ್ತಿಗೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅತ್ತಿಗೆ, ನೀವು ಕೆಲಸ ಕೇಳ್ಕೊಂಡು ಅವರಿವರ ಬಾಗಿಲಿಗೆ ಹೋಗೋದು ನೋಡಿದ್ರೆ ನನ್ನ ಹೊಟ್ಟೆ ಉರಿಯುತ್ತೆ. ಇಡೀ ಊರೇ ನಿಮಗೆ ಗೊತ್ತು. ಅದು ಎಷ್ಟು ದೊಡ್ಡ ಆಸ್ತಿ ಅಂತ ನಿಮಗೇ ಗೊತ್ತಿಲ್ಲ."

ಕೆಲಸ ಹೋದಾಗಿನಿಂದ ಅವಳಲ್ಲಿ ಏನಿಲ್ಲ ಎಂದು ಹೇಳಿದವರೇ ಎಲ್ಲ. ಏನೋ ಇದೆ ಎಂದು ಹೇಳಿದವಳು ನಾದಿನಿ ಒಬ್ಬಳೇ. ಟಿಕೆಟ್ಟಕ್ಕ ಮರುದಿನ ಅವಳ ಜೊತೆ ಹೊರಟುಬಿಟ್ಟಳು.

ಹೋಟೆಲಿನ ಮಹಡಿಯ ಸಭಾಂಗಣ. ಕಿಟಕಿಗಳಿಗೆಲ್ಲ ದಪ್ಪ ಪರದೆ, ಮೈ ಕೊರೆಯುವ ಎಸಿ, ಕಿವಿ ತುಂಬುವ ಸಂಗೀತ. ಸಾಲು ಕುರ್ಚಿಗಳಲ್ಲಿ ಕೂತಿದ್ದವರ ಮುಖ ನೋಡಿದರೆ ಗೊತ್ತಾಗುತ್ತಿತ್ತು: ಓದು ಮುಗಿಸಿ ಕೆಲಸ ಸಿಗದವರು, ಸಿಕ್ಕ ಕೆಲಸ ಕಳೆದುಕೊಂಡವರು, ಇರುವ ಕೆಲಸ ಇನ್ನೇನು ಹೋಗುತ್ತದೆ ಎಂದು ಹೆದರಿದವರು. ಕೋಟು ತೊಟ್ಟ ಒಬ್ಬಾತ ವೇದಿಕೆಗೆ ಓಡಿಕೊಂಡೇ ಬಂದ. ನಿರುದ್ಯೋಗ ಎಂದರೆ ಕೆಲಸ ಇಲ್ಲದಿರುವುದಲ್ಲ, ಧೈರ್ಯ ಇಲ್ಲದಿರುವುದು ಎಂದ. ಚಪ್ಪಾಳೆ. ನಾನೂ ಒಂದು ದಿನ ನಿಮ್ಮ ಹಾಗೆ ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ ಎಂದ. ಮತ್ತೆ ಚಪ್ಪಾಳೆ. ಇಲ್ಲಿ ಯಾರು ಎದ್ದು ಮಾತಾಡಿದರೂ ಸರಿ, ಎಲ್ಲರೂ ಚಪ್ಪಾಳೆ ತಟ್ಟಲೇಬೇಕು, ಅದು ನಮ್ಮ ಕುಟುಂಬದ ಪದ್ಧತಿ ಎಂದು ನಾದಿನಿ ಕಿವಿಯಲ್ಲಿ ಹೇಳಿದಳು.

ಮಾರಬೇಕಾದ ವಸ್ತು ದಿಂಬು. ಬರೀ ದಿಂಬಲ್ಲ, ಒಳಗೆ ಪುಟ್ಟ ಪುಟ್ಟ ಅಯಸ್ಕಾಂತಗಳನ್ನು ಹೊಲಿದ ದಿಂಬು. ತಲೆಯಿಟ್ಟು ಮಲಗಿದರೆ ಕುತ್ತಿಗೆ ನೋವು, ಅರೆತಲೆನೋವು, ರಕ್ತದೊತ್ತಡ, ಚಿಂತೆ ಎಲ್ಲ ಇಳಿಯುತ್ತವೆ. ಸೇರಬೇಕೆಂದರೆ ಮೊದಲು ಒಂದು ಪೆಟ್ಟಿಗೆ ದಿಂಬು ಕೊಳ್ಳಬೇಕು. ಆಮೇಲೆ ಇಬ್ಬರನ್ನು ಸೇರಿಸಬೇಕು; ಒಬ್ಬರು ನಿಮ್ಮ ಎಡಗಾಲು, ಒಬ್ಬರು ಬಲಗಾಲು. ಆ ಕಾಲುಗಳಿಗೆ ಮತ್ತೆರಡು ಕಾಲು, ಅವಕ್ಕೆ ಮತ್ತೆರಡು. ಕಾಲುಗಳು ಬೆಳೆದಂತೆ ನೀವು ಮನೆಯಲ್ಲಿ ಮಲಗಿದ್ದರೂ ದುಡ್ಡು ನಡೆದುಕೊಂಡು ಬರುತ್ತದೆ.

ಮಂದಿರದ ಮಾಲೀಕ ಬಾಗಿಲು ಹಾಕುವಾಗ ಕೈಯಲ್ಲಿಟ್ಟಿದ್ದ ಹಣದಿಂದ ಟಿಕೆಟ್ಟಕ್ಕ ಪೆಟ್ಟಿಗೆ ಕೊಂಡಳು. ಗಂಡನನ್ನು ಕೇಳಿದಾಗ ಅವನು ನೋಡೋಣ ಎಂದಿದ್ದ. ಅವನ ನೋಡೋಣ ಎಂಬ ಮಾತಿಗೆ ಹೂಂ ಎಂದೂ ಅರ್ಥ, ಊಹೂಂ ಎಂದೂ ಅರ್ಥ. ಈ ಸಲ ಅವಳು ಹೂಂ ಎಂದೇ ತೆಗೆದುಕೊಂಡಳು. ಬಲಗಾಲಿಗೆ ಯಾರೂ ತಕ್ಷಣ ಸಿಗದೆ ನಾದಿನಿಯ ಸಲಹೆಯಂತೆ ಅತ್ತೆಯ ಹೆಸರನ್ನೇ ಬರೆಸಿದಳು.

"ನನ್ನ ಎರಡೂ ಮಂಡಿ ಸವೆದು ಗೋಡೆ ಹಿಡ್ಕೊಂಡು ಓಡಾಡ್ತೀನಿ. ಈ ವಯಸ್ಸಲ್ಲಿ ಸೊಸೆಗೆ ಬಲಗಾಲು ಬೇರೆ ಆಗಬೇಕಾ?" ಎಂದರು ಅತ್ತೆ. ಅತ್ತೆಗೂ ಒಂದು ದಿಂಬು ಸಿಕ್ಕಿತು. ವಾರದೊಳಗೆ ಅವರ ಕೈಗಡಿಯಾರ ನಿಂತುಹೋಯಿತು. ಕುತ್ತಿಗೆ ನೋವು ಇದ್ದಲ್ಲೇ ಇತ್ತು.

ಹೀಗೆ ಟಿಕೆಟ್ಟಕ್ಕ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಊರು ಸುತ್ತಲು ಹೊರಟಳು. ಮೊದಲು ಹೋದದ್ದು ಔಷಧಿ ಅಂಗಡಿಗೆ. ಒಂದು ಕಾಲಕ್ಕೆ ಹೊಸ ಚಿತ್ರ ಬಂದಾಗಲೆಲ್ಲ ಇಡೀ ಸಂಸಾರಕ್ಕೆ ಟಿಕೆಟ್ ತೆಗೆದಿರಿಸಲು ಹೇಳಿ ಕಳಿಸುತ್ತಿದ್ದ ಅಂಗಡಿಯವನು ನಕ್ಕು ಮಾತಾಡಿಸಿದ. ದಿಂಬು ಮೇಜಿನ ಮೇಲೆ ಬಂದ ಕೂಡಲೇ ಅವನಿಗೆ ಗೋದಾಮಿನಲ್ಲಿ ತುರ್ತು ಕೆಲಸ ನೆನಪಾಯಿತು. ಅವಳು ಗಿರಾಕಿಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ಅವನು ಹೊರಗೆ ಬರಲೇ ಇಲ್ಲ. ದೂರದ ಸಂಬಂಧದ ಅಕ್ಕನ ಮನೆಯ ಬಾಗಿಲಲ್ಲಿ ಗಂಟೆ ಒತ್ತಿದಾಗ ಒಳಗೆ ಟಿವಿ ಸದ್ದು ಪಕ್ಕನೆ ನಿಂತಿತು; ಆಮೇಲೆ ಎಷ್ಟು ಒತ್ತಿದರೂ ಮನೆ ಉಸಿರು ಬಿಗಿಹಿಡಿದು ಕೂತೇ ಇತ್ತು. ದರ್ಜಿಯ ಹೆಂಡತಿ ದಿಂಬನ್ನು ಎತ್ತಿ, ಒತ್ತಿ, ಹೊಲಿಗೆ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ತಲೆಯಿಟ್ಟು ಒಂದು ಸಣ್ಣ ನಿದ್ದೆಯನ್ನೂ ತೆಗೆದು, ಗಂಡನನ್ನು ಕೇಳಿ ಹೇಳುತ್ತೇನೆ ಎಂದಳು. ಅವಳ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು ಎಂಬುದು ಟಿಕೆಟ್ಟಕ್ಕನಿಗೆ ಬೀದಿ ದಾಟಿದ ಮೇಲೆ ನೆನಪಾಯಿತು.

ಅವಳಿಗೆ ಸಿಟ್ಟು ಬರುತ್ತಿತ್ತು. ಬೇಡ ಎಂದು ಮುಖಕ್ಕೆ ಹೇಳಿದ್ದರೆ ಅಷ್ಟು ಸಿಟ್ಟಾಗುತ್ತಿರಲಿಲ್ಲ. ಯಾರೂ ಬೇಡ ಎನ್ನುತ್ತಿರಲಿಲ್ಲ. ಮುಂದಿನ ವಾರ ಎನ್ನುತ್ತಿದ್ದರು, ಯೋಚಿಸುತ್ತೇವೆ ಎನ್ನುತ್ತಿದ್ದರು, ನಿಮಗೆ ಕೊಡದೆ ಇನ್ಯಾರಿಗೆ ಕೊಡೋಣ ಎನ್ನುತ್ತಿದ್ದರು. ಆಮೇಲೆ ದಾರಿಯಲ್ಲಿ ಕಂಡರೆ ಆಚೆ ಪಕ್ಕಕ್ಕೆ ದಾಟಿಬಿಡುತ್ತಿದ್ದರು. ಕಿಂಡಿಗೆ ಕೈ ಚಾಚಿದವರೆಲ್ಲ ಈಗ ಕೈ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದಾರೆ ಎನಿಸುತ್ತಿತ್ತು. ಕೊನೆಗೆ ಒಂದು ದಿಂಬು ಕೊಂಡವರು ನಿವೃತ್ತ ಮೇಷ್ಟರೊಬ್ಬರು. ವಿವರಣೆ ಕೇಳಲಿಲ್ಲ, ಬೆಲೆ ಚೌಕಾಸಿ ಮಾಡಲಿಲ್ಲ. "ತಗೊಳ್ಳಮ್ಮ, ಕಷ್ಟದಲ್ಲಿದ್ದೀಯ ಅಂತ ಕೇಳಿದೆ" ಎಂದು ಹಣ ಕೊಟ್ಟರು. ಅವತ್ತು ಮನೆಗೆ ಬಂದು ಅವಳು ಊಟ ಮಾಡಲಿಲ್ಲ. ಒಂದೂ ಮಾರಾಟವಾಗದ ದಿನಗಳಲ್ಲಿ ಕೂಡ ಹೊಟ್ಟೆ ತುಂಬ ಉಂಡಿದ್ದಳು.

ಮನೆಯಲ್ಲೂ ಅಸಮಾಧಾನ ಹೊಗೆಯಾಡತೊಡಗಿತು. ಮಗಳ ಕಾಲೇಜಿಗೆ ಫೀಸು ಕಟ್ಟಲು ಹೋದವಳು ಪ್ರಿನ್ಸಿಪಾಲರ ಕೋಣೆಯಲ್ಲೇ ಚೀಲದಿಂದ ದಿಂಬು ತೆಗೆದಿದ್ದಳು. ಸುದ್ದಿ ತರಗತಿಗೆ ಹಬ್ಬಲು ಎಷ್ಟು ಹೊತ್ತು? ಮಗಳು ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅಮ್ಮ, ಇನ್ಮೇಲೆ ಕಾಲೇಜಿಗೆ ಬರೋದಿದ್ರೆ ಬರೀ ಅಮ್ಮನಾಗಿ ಬಾ." ಟಿಕೆಟ್ಟಕ್ಕ ಪಾತ್ರೆ ತೊಳೆಯಲು ಕೂತಳು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಗೊತ್ತು, ದಿಂಬು ಇದ್ದಷ್ಟು ಚಾಚು ಎಂದು ಯಾರೂ ಹೇಳಿಲ್ಲ ಎಂದು ಅತ್ತೆ ಗೊಣಗಿದರು. ಯಾರೂ ನಗಲಿಲ್ಲ.

ಬಿಟ್ಟುಬಿಡೋಣ ಎಂದು ಅವಳು ಮನಸ್ಸು ಮಾಡುತ್ತಿದ್ದಾಗಲೇ ಆಪರೇಟರ್ ಮನೆ ಹುಡುಕಿಕೊಂಡು ಬಂದ.

ಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವನು. ಅವಳು ಕೆಳಗಿನ ಕಿಂಡಿಯಲ್ಲಿ, ಅವನು ಮೇಲಿನ ಕೋಣೆಯಲ್ಲಿ. ಅಷ್ಟು ವರ್ಷ ಒಂದೇ ಸೂರಿನಡಿ ದುಡಿದರೂ ಹೋಗುವಾಗ ಬರುವಾಗ ತಲೆಯಾಡಿಸಿದ್ದು ಬಿಟ್ಟರೆ ಮಾತೇ ಇರಲಿಲ್ಲ. ಸಣಕಲು ಆಳು, ಮೆಲುದನಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತು, ತಾನೂ ಸೇರುತ್ತೇನೆ ಎಂದ. ಹೆಂಡತಿ ಹೊಲಿಗೆಯಿಂದ ಮನೆ ತೂಗಿಸುತ್ತಿದ್ದಾಳೆ, ಬೆಳಗಾದರೆ ಮನೆಯಲ್ಲಿ ಕೂರಲು ನಾಚಿಕೆಯಾಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರುತ್ತೇನೆ ಎಂದ.

ತನ್ನನ್ನು ಕಂಡು ಓಡದೆ ತಾನಾಗಿ ಬಂದ ಮೊದಲ ಮನುಷ್ಯ. ಎಡಗಾಲು ತಾನಾಗಿ ನಡೆದು ಬಂದು ಎದುರಿಗೆ ಕೂತಿತ್ತು. ಟಿಕೆಟ್ಟಕ್ಕ ಇದು ಕಷ್ಟದ ಕೆಲಸ ಎಂದಳು, ಜನ ತಪ್ಪಿಸಿಕೊಳ್ಳುತ್ತಾರೆ ಎಂದೂ ಹೇಳಿದಳು. ಆದರೆ ಸೇರಬೇಡ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಆಪರೇಟರ್ ಅವತ್ತೇ ಸೇರಿದ.

ಇಲ್ಲಿಂದ ಕಥೆ ಅವಳು ಎಣಿಸದ ಕಡೆ ತಿರುಗಿತು. ಮುಂದಿನ ಸಭೆಯಲ್ಲಿ ಹೊಸಬರು ಎರಡು ಮಾತು ಆಡಬೇಕು ಎಂದು ಆಪರೇಟರನನ್ನು ವೇದಿಕೆಗೆ ತಳ್ಳಿದರು. ಅವನು ಅಳುಕುತ್ತ ಮೈಕು ಹಿಡಿದ. ಆಮೇಲೆ ಬಾಯಿ ಬಿಟ್ಟನೋ, ಇವನೇನಾ ಅವನು ಎಂದು ಟಿಕೆಟ್ಟಕ್ಕ ಕಣ್ಣುಜ್ಜಿಕೊಳ್ಳುವಂತಾಯಿತು. ದನಿ ಏರಿತು, ಇಳಿಯಿತು, ತಡೆಯಿತು, ಒಡೆಯಿತು. ಎಲ್ಲಿ ನಿಲ್ಲಿಸಿದರೆ ಜನ ಉಸಿರು ಹಿಡಿಯುತ್ತಾರೆ, ಎಲ್ಲಿ ತಗ್ಗಿಸಿದರೆ ಮುಂದಕ್ಕೆ ಬಾಗುತ್ತಾರೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅರ್ಧ ಆಯಸ್ಸು ಸಿನಿಮಾ ನಾಯಕರ ಮಾತುಗಳನ್ನು ದಿನಕ್ಕೆ ನಾಲ್ಕು ಸಲ ಕೇಳಿದವನು ಅವನು. ಬಸ್ ನಿಲ್ದಾಣದ ಬೆಂಚಿನ ಕಥೆ ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಕೋಟಿನವನು ಓಡಿ ಬಂದು ತಬ್ಬಿಕೊಂಡ.

ಅಲ್ಲಿಂದ ಆಪರೇಟರ್ ಹಿಂದಿರುಗಿ ನೋಡಲಿಲ್ಲ. ದಿಂಬನ್ನು ಯಾರಿಗೂ ತೋರಿಸುತ್ತಲೂ ಇರಲಿಲ್ಲ, ಮಾತಾಡುತ್ತಿದ್ದ ಅಷ್ಟೆ. ಮಂದಿರದ ಗೇಟಿನವನು ಸೇರಿದ, ಪಾಪ್‌ಕಾರ್ನ್ ಮಾರುತ್ತಿದ್ದವನು ಸೇರಿದ, ಪೋಸ್ಟರ್ ಅಂಟಿಸುತ್ತಿದ್ದ ಅಣ್ಣತಮ್ಮಂದಿರು ಸೇರಿದರು. ಅವರನ್ನೆಲ್ಲ ನಾದಿನಿ ಎಡಕ್ಕಿಷ್ಟು ಬಲಕ್ಕಿಷ್ಟು ಹಂಚಿ ಕೂರಿಸಿದಳು. ಅತ್ತೆ ಮನೆಯಿಂದ ಹೊರಗೆ ಕಾಲಿಡದೆಯೇ ಪಾಪ್‌ಕಾರ್ನಿನವನಿಗೂ ಗೇಟಿನವನಿಗೂ ಮೇಲಿನವರಾದರು. ಟಿಕೆಟ್ಟಕ್ಕನ ಖಾತೆಗೆ ನಿಜವಾಗಿಯೂ ದುಡ್ಡು ಬರತೊಡಗಿತು. ತಾನು ಕಷ್ಟಪಟ್ಟು ಒಂದೇ ಒಂದು ದಿಂಬು ಮಾರಿದ ಊರಿನಲ್ಲಿ, ತನ್ನ ಹೆಸರಿನ ಕೆಳಗೆ ಜನ ಪೆಟ್ಟಿಗೆ ಪೆಟ್ಟಿಗೆ ಕೊಳ್ಳುತ್ತಿದ್ದರು. ಖುಷಿಪಡಬೇಕಿತ್ತು. ಮಗಳ ಫೀಸು ಕಟ್ಟಿ ಆಯಿತು, ಅತ್ತೆಗೆ ಹೊಸ ಕೈಗಡಿಯಾರವೂ ಬಂತು. ಆದರೂ ಒಂದು ಸಂಗತಿ ಕಾಡುತ್ತಿತ್ತು. ಇಷ್ಟು ಜನ ಕೊಳ್ಳುತ್ತಿದ್ದರೂ ಯಾರೊಬ್ಬರೂ ದಿಂಬನ್ನು ತಲೆಯಡಿ ಇಟ್ಟುಕೊಂಡು ಮಲಗುವುದನ್ನು ಅವಳು ಕಂಡಿರಲಿಲ್ಲ. ಕೊಂಡವರೆಲ್ಲ ಮಾರಲು ಕೊಂಡವರೇ.

ಒಂದು ಬೆಳಿಗ್ಗೆ ಪೊರಕೆಯಮ್ಮ ಬಂದಳು. ಮಂದಿರದ ಕುರ್ಚಿ ಸಾಲುಗಳ ನಡುವೆ ಕಸ ಗುಡಿಸುತ್ತಿದ್ದ ಮುದುಕಿ. ಬೆನ್ನ ಮೇಲೆ ಅವಳಿಗಿಂತ ದೊಡ್ಡ ಮೂಟೆ. ಬಾಗಿಲಲ್ಲಿ ಮೂಟೆ ಇಳಿಸಿ, ಸುಧಾರಿಸಿಕೊಂಡು, ಬಿಚ್ಚಿ ತೋರಿಸಿದಳು. ದಿಂಬುಗಳು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ.

ಮನೆಯ ಮಾಡು ಸೋರುತ್ತದೆ ಎಂದು ಕೂಡಿಟ್ಟ ದುಡ್ಡಿನಲ್ಲಿ ಕೊಂಡದ್ದಂತೆ. ಯಾರೂ ತೆಗೆದುಕೊಳ್ಳುತ್ತಿಲ್ಲವಂತೆ. ತನ್ನಂಥವಳು ದಿಂಬು ಮಾರಲು ಹೋದರೆ ಕದ್ದ ಮಾಲು ಎಂದುಕೊಳ್ಳುತ್ತಾರಂತೆ, ಒಂದು ಮನೆಯಲ್ಲಿ ಪೊಲೀಸರನ್ನು ಕರೆಯುತ್ತೇವೆ ಎಂದೂ ಗದರಿಸಿದರಂತೆ. ಇದನ್ನೆಲ್ಲ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ, ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ ಹೇಳಿದಳು.

"ನಿನ್ನನ್ನ ಯಾರಮ್ಮ ಸೇರಿಸಿದ್ದು?" ಎಂದಳು ಟಿಕೆಟ್ಟಕ್ಕ.

"ಆಪರೇಟರಪ್ಪ. ನಂಗೆ ಇದೆಲ್ಲ ತಿಳಿಯಲ್ಲಪ್ಪ ಅಂದೆ. ಟಿಕೆಟ್ಟಕ್ಕನೇ ಮೇಲೆ ಕೂತು ನಡೆಸ್ತಿರೋದು ಅಂದ. ಹಾಗಾದ್ರೆ ಸರಿ ಅಂದೆ. ನೀವು ಯಾವತ್ತೂ ಚಿಲ್ಲರೆ ತಪ್ಪಾಗಿ ಕೊಟ್ಟೋರಲ್ಲ."

ಟಿಕೆಟ್ಟಕ್ಕ ಅವಳನ್ನು ಒಳಗೆ ಕರೆದು ನೀರು ಕೊಟ್ಟಳು. ಊರು ಸುತ್ತಿ ಗಂಟಲು ಹರಿದುಕೊಂಡಾಗ ಕಾಸಿಗೂ ಬಾಳದ ತನ್ನ ಹೆಸರು, ಬೆನ್ನ ಹಿಂದೆ ಇಷ್ಟೊಂದು ಬೆಲೆಗೆ ಮಾರಾಟವಾಗುತ್ತಿತ್ತು.

ಮೊದಲು ಕಂಪನಿಗೆ ಫೋನ್ ಮಾಡಿದಳು. ಒಂದು ಹೆಣ್ಣು ದನಿ, ದಯವಿಟ್ಟು ಕಾಯಿರಿ ಎಂದು ಹೇಳಿ ಸಂಗೀತ ಹಾಕಿತು. ಸಂಗೀತ ಮುಗಿದರೆ ಮತ್ತೆ ಅದೇ ದನಿ. ನಾದಿನಿಗೆ ಫೋನ್ ಮಾಡಿದರೆ ವಾಪಸು ಕೊಡುವ ಗಡುವು ಮುಗಿದಿದೆ, ಮುದುಕಿಗೆ ಸ್ವಲ್ಪ ಹುರುಪು ತುಂಬಿ ಎಂದಳು. ಹೊಲದ ಬೇಲಿಯೇ ಎದ್ದು ಹೊಲ ಮೇಯುವಾಗ ಯಾರಿಗೆ ದೂರುವುದು? ಅವಳು ನೇರ ಆಪರೇಟರ್ ಮನೆಗೆ ಹೋದಳು.

ಅವನ ಮನೆಯಲ್ಲಿ ಹೊಲಿಗೆ ಯಂತ್ರ ಮೂಲೆ ಸೇರಿ ಮುಚ್ಚಿಕೊಂಡಿತ್ತು. ಗೋಡೆಗೆ ಹೊಸ ಕೋಟೊಂದು ತೂಗಿತ್ತು. ಟಿಕೆಟ್ಟಕ್ಕ ಕೂರಲಿಲ್ಲ. ಪೊರಕೆಯಮ್ಮನ ವಿಷಯ ಹೇಳಿದಳು, ತನ್ನ ಹೆಸರು ಹೇಳಿ ಜನರನ್ನು ಸೇರಿಸುವುದನ್ನು ಇವತ್ತಿಗೆ ನಿಲ್ಲಿಸಬೇಕು ಎಂದಳು. ಆಪರೇಟರ್ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಅಕ್ಕ, ನಾನು ಇಷ್ಟು ವರ್ಷ ಜನರ ಬೆನ್ನ ಹಿಂದೆ ಕೂತವನು. ಸಿನಿಮಾ ಮಧ್ಯೆ ನಿಂತ್ರೆ ಎಲ್ಲರೂ ತಿರುಗಿ ಬೈಯೋರು. ಚೆನ್ನಾಗಿ ಓಡಿದ ದಿನ ಒಬ್ಬರೂ ತಿರುಗಿ ನೋಡಿಲ್ಲ. ಈಗ ನಾನು ಎದ್ದು ನಿಂತ್ರೆ ನೋಡ್ತಾರೆ. ಮೋಸ ಅಂತ ನನಗೆ ಅನ್ನಿಸ್ತಿಲ್ಲ. ಮುದುಕಿಗೂ ಒಂದು ದಿನ ಬರುತ್ತೆ."

"ಅವಳ ಮಾಡು ಆ ದಿನದವರೆಗೂ ತಡೀಬೇಕಲ್ಲ" ಎಂದಳು ಟಿಕೆಟ್ಟಕ್ಕ.

ಅವನು ಅದಕ್ಕೂ ಏನೋ ಹೇಳಿದ. ಚೆನ್ನಾಗಿಯೇ ಹೇಳಿದ. ಒಂದು ಗಳಿಗೆ ಅವಳಿಗೂ ಹೌದಲ್ಲ ಎನಿಸಿತು, ಅದೇ ಅವಳನ್ನು ಹೆಚ್ಚು ಕೆರಳಿಸಿತು. ಮೆಟ್ಟಿಲಿಳಿಯುವಾಗಲೇ ನಿರ್ಧರಿಸಿದಳು: ಇವನಿಗೆ ಒಬ್ಬನಿಗೆ ಹೇಳಿ ಪ್ರಯೋಜನವಿಲ್ಲ, ಎಲ್ಲರ ಮುಂದೆ ಹೇಳಬೇಕು.

ಮುಂದಿನ ಸಭೆಗೆ ಪೊರಕೆಯಮ್ಮನನ್ನೂ ಕರೆದುಕೊಂಡು ಹೋದಳು. ಸಭಾಂಗಣ ಕಿಕ್ಕಿರಿದಿತ್ತು. ಅನುಭವ ಹಂಚಿಕೊಳ್ಳುವವರು ಯಾರು ಎಂದು ಕೋಟಿನವನು ಕೇಳಿದ ಕೂಡಲೇ ಟಿಕೆಟ್ಟಕ್ಕ ಎದ್ದಳು. ಎಂದೂ ಬಾಯಿ ಬಿಡದ ಅವಳು ಎದ್ದದ್ದು ಕಂಡು ನಾದಿನಿಯ ಮುಖ ಅರಳಿತು. ಮೈಕು ಕೈಗೆ ಬಂತು.

"ನಾನು ಈ ಕಂಪನಿಗೆ ಸೇರಿ ವರ್ಷದ ಹತ್ತಿರ ಆಯ್ತು. ನನ್ನ ಕೈಯಿಂದ ನಾನು ಮಾರಿದ್ದು ಒಂದೇ ಒಂದು ದಿಂಬು. ಅದೂ ಕನಿಕರಕ್ಕೆ ಕೊಂಡರು."

ಚಪ್ಪಾಳೆ ಬಿತ್ತು.

ಅವಳು ಗಲಿಬಿಲಿಗೊಂಡು, ದನಿ ಎತ್ತರಿಸಿ, ನೆಂಟರು ಬಾಗಿಲು ತೆರೆಯುವುದಿಲ್ಲ, ಮಗಳು ನನ್ನಿಂದ ತಲೆತಗ್ಗಿಸಿದಳು ಎಂದಳು. ಇನ್ನೂ ಜೋರಾದ ಚಪ್ಪಾಳೆ. ಯಾರೋ ಸಿಳ್ಳೆ ಹಾಕಿದರು. ಬರುತ್ತಿರುವ ದುಡ್ಡು ದಿಂಬಿನದಲ್ಲ, ನಿಮ್ಮ ಪಕ್ಕದಲ್ಲಿ ಕೂತವರದು, ಇಲ್ಲಿ ಮಾರಾಟವಾಗುತ್ತಿರುವುದು ನಾವೇ ಎಂದಳು. ಮುಂದಿನ ಸಾಲಿನವರು ಎದ್ದು ನಿಂತು ತಟ್ಟಿದರು, ಅವರನ್ನು ನೋಡಿ ಹಿಂದಿನವರೂ ಎದ್ದರು. ಅವಳು ಪೊರಕೆಯಮ್ಮನ ಕಡೆ ಕೈ ತೋರಿಸಿ, ಇವಳ ಸೋರುವ ಮಾಡಿನ ದುಡ್ಡು ಕೊಟ್ಟು ಕಳಿಸಿ, ಇದನ್ನು ಮುಚ್ಚಿ ಎಂದು ಕೂಗಿದಳು. ಆ ಮಾತು ಗದ್ದಲದಲ್ಲಿ ಅವಳಿಗೇ ಕೇಳಿಸಲಿಲ್ಲ. ಸಂಗೀತ ಶುರುವಾಗಿತ್ತು. ಕೋಟಿನವನು ಅವಳ ಹೆಗಲ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ನೋಡಿ, ಇಷ್ಟು ನೋವುಂಡರೂ ಈ ತಾಯಿ ಇವತ್ತು ಇಲ್ಲಿ ನಿಂತಿದ್ದಾರೆ, ಬಿಟ್ಟು ಹೋಗಿಲ್ಲ ಎಂದ. ಅವಳ ಎದೆಗೆ ಒಂದು ಬಿಲ್ಲೆ ಚುಚ್ಚಿದ. ಕೈಗೆ ಹೂಗುಚ್ಛ ಬಂತು. ಪೊರಕೆಯಮ್ಮ ಕೂಡ ಎಲ್ಲರೂ ತಟ್ಟುತ್ತಿದ್ದಾರೆಂದು ಮೆಲ್ಲಗೆ ತಟ್ಟುತ್ತಿದ್ದಳು.

ಆ ಸಂಜೆ ಹೊಸದಾಗಿ ಸೇರಿದವರಲ್ಲಿ ಇಬ್ಬರು, ಅವಳ ಪ್ರಾಮಾಣಿಕ ಮಾತು ಕೇಳಿಯೇ ಧೈರ್ಯ ಬಂತು ಎಂದು ಬಂದು ಕೈ ಕುಲುಕಿದರು. ನಾದಿನಿ ತಬ್ಬಿಕೊಂಡು, ಇಷ್ಟು ದಿನ ಈ ಪ್ರತಿಭೆ ಎಲ್ಲಿ ಬಚ್ಚಿಟ್ಟಿದ್ದಿರಿ ಅತ್ತಿಗೆ ಎಂದಳು. ಟಿಕೆಟ್ಟಕ್ಕ ಹೊರಗೆ ಬಂದು ಹೋಟೆಲಿನ ಗೇಟಿನ ಬಳಿ ನಿಂತಳು. ಅಳು ಬರಲಿಲ್ಲ. ಗೋಡೆಗೆ ಗುದ್ದಿದರೆ ಗೋಡೆಯಾದರೂ ನೋಯಿಸುತ್ತದೆ. ಇವಳು ಗುದ್ದಿದ್ದು ದಿಂಬಿಗೆ.

ಮನೆಯಲ್ಲಿ ಇದನ್ನು ಹೇಳಿದಾಗ ಗಂಡ ಈ ಸಲ ನೋಡೋಣ ಎನ್ನಲಿಲ್ಲ. ಅವಳ ಕೈಯಿಂದ ಹೂಗುಚ್ಛ ತೆಗೆದುಕೊಂಡು ಹೊರಗಿನ ಕಸದ ತೊಟ್ಟಿಗೆ ಹಾಕಿ ಬಂದ. ಅತ್ತೆ ಮಾತ್ರ ಮರುದಿನ ಎದ್ದವರೇ ಜೀರುಂಡೆಯಂತೆ ಮೊರೆಯುತ್ತ, ಮಂಡಿನೋವನ್ನೂ ಮರೆತು, ಪೊರಕೆಯಮ್ಮನ ಮೂಟೆಯನ್ನು ಗಾಡಿಯಲ್ಲಿ ಹೇರಿಸಿಕೊಂಡು ಮಗಳ ಮನೆಗೆ ಹೊರಟರು. ಹೆತ್ತವಳು ನಾನು, ನನ್ನ ಮುಂದೆ ಹೇಳಲಿ ಗಡುವಿನ ಕಥೆ ಎಂದರು. ಟಿಕೆಟ್ಟಕ್ಕ ಜೊತೆಗೆ ಹೋದಳು.

ನಾದಿನಿಯ ಮನೆಯ ಬಾಗಿಲು ಪೂರ್ತಿ ತೆರೆಯಲಿಲ್ಲ. ಹಿಂದೆ ಪೆಟ್ಟಿಗೆಗಳಿದ್ದವು. ಹಾಲಿನಲ್ಲಿ ಸೂರಿನವರೆಗೆ ಪೆಟ್ಟಿಗೆ, ಮಲಗುವ ಕೋಣೆಯಲ್ಲಿ ಮಂಚದ ಸುತ್ತ ಪೆಟ್ಟಿಗೆ, ಸ್ನಾನದ ಮನೆಗೆ ಹೋಗಲು ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಕಂಪನಿ ಕೊಟ್ಟ ಬಂಗಾರದ ಬಿಲ್ಲೆಯ ದರ್ಜೆ ಉಳಿಸಿಕೊಳ್ಳಬೇಕೆಂದರೆ ಮಾರಾಟ ಬೀಳದ ಹಾಗೆ ನೋಡಿಕೊಳ್ಳಬೇಕು. ಮಾರಾಟವಿಲ್ಲದಾಗ ತಾನೇ ಕೊಂಡು ಕೊಂಡು ನಾದಿನಿ ಮನೆ ತುಂಬಿಸಿದ್ದಳು. ಅವಳ ಗಂಡ ಅದೇ ಕಾರಣಕ್ಕೆ ತನ್ನ ಅಣ್ಣನ ಮನೆ ಸೇರಿದ್ದನಂತೆ. ಅದನ್ನು ಅವಳು ತಾಯಿಗೆ ಹೇಳಿರಲಿಲ್ಲ.

ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದರು. ಬಾಯಿ ತುಂಬ ತಂದಿದ್ದ ಬೈಗುಳವೆಲ್ಲ ಅಲ್ಲೇ ಉಳಿಯಿತು. "ಊಟ ಮಾಡಿದ್ಯಾ?" ಎಂದು ಮಾತ್ರ ಕೇಳಿದರು. ನಾದಿನಿ ಬಾಗಿಲಿಗೆ ಹಣೆಯಿಟ್ಟು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, ಇನ್ನೊಂದೇ ಹಂತ ಅಮ್ಮ, ದಾಟಿದರೆ ಎಲ್ಲ ಸರಿಹೋಗುತ್ತದೆ ಎಂದಳು. ಮೂಟೆ ಹೋದ ಹಾಗೆಯೇ ವಾಪಸು ಬಂತು. ಗಾಡಿಯಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಟಿಕೆಟ್ಟಕ್ಕ ನೋಡಿದ್ದೇ ಇಲ್ಲ.

ಆಮೇಲೆ ಆದದ್ದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ತನ್ನ ಖಾತೆಗೆ ಬಂದಿದ್ದರಲ್ಲಿ ಉಳಿದದ್ದನ್ನೆಲ್ಲ ಟಿಕೆಟ್ಟಕ್ಕ ಪೊರಕೆಯಮ್ಮನಿಗೆ ಕೊಟ್ಟಳು, ಸಾಲದೆ ಬಂದದ್ದನ್ನು ದುಡಿದು ಕೊಡುತ್ತೇನೆ ಎಂದಳು. ಒಂದು ಕೊರಿಯರ್ ಗೋದಾಮಿನಲ್ಲಿ ಪೊಟ್ಟಣಗಳನ್ನು ಬಡಾವಣೆವಾರು ವಿಂಗಡಿಸುವ ಕೆಲಸ ಸಿಕ್ಕಿತು. ಅಲ್ಲಿ ವಯಸ್ಸು ಕೇಳಲಿಲ್ಲ, ಹಲ್ಲು ನೋಡಲಿಲ್ಲ. ಭಾರ ಎತ್ತಲಾಗುತ್ತದಾ ಎಂದು ಮಾತ್ರ ಕೇಳಿದರು. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗುತ್ತಿತ್ತು. ಸಂಬಳ ಮೊದಲಿನದಕ್ಕಿಂತ ಕಡಿಮೆ. ಪಾಪ್‌ಕಾರ್ನಿನವನು ಎದುರು ಸಿಕ್ಕರೆ ಮುಖ ತಿರುಗಿಸುತ್ತಾನೆ. ಅವನಿಗೆ ತಿಳಿಸಿ ಹೇಳಲು ಅವಳು ಎರಡು ಸಲ ಹೋಗಿದ್ದಳು. ಮತ್ತೇನೋ ಮಾರಲು ಬಂದಳೆಂದು ಅವನ ಹೆಂಡತಿ ಬಾಗಿಲು ಹಾಕಿಕೊಂಡಳು.

ಕಂಪನಿ ಒಂದು ದಿನ ಫೋನು ಎತ್ತುವುದನ್ನೇ ನಿಲ್ಲಿಸಿತು. ಕೋಟಿನವನು ಬೇರೆ ಹೆಸರಿನಲ್ಲಿ ಬೇರೆ ಊರಿನಲ್ಲಿ ಅಂಗಡಿ ತೆರೆದನಂತೆ. ಅವನ ಜೊತೆ ಆಪರೇಟರನೂ ಹೋದ. ನಾದಿನಿ ಇವರ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಅತ್ತೆಯೇ ವಾರಕ್ಕೊಮ್ಮೆ ಊಟದ ಡಬ್ಬಿ ಹಿಡಿದು ಅವಳಲ್ಲಿಗೆ ಹೋಗಿ ಬರುತ್ತಾರೆ.

ಮೊನ್ನೆ ಭಾನುವಾರ ಮಧ್ಯಾಹ್ನ ಆಪರೇಟರ್ ಫೋನ್ ಮಾಡಿದ. ದನಿ ಇನ್ನಷ್ಟು ಪಳಗಿತ್ತು. ಈಗ ದಿಂಬಲ್ಲ ಅಕ್ಕ, ನೀರಿನ ಬಾಟಲಿ, ಇದು ಬೇರೆಯೇ ಎಂದು ಶುರುಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಕೇಳಲು ಚೆನ್ನಾಗಿತ್ತು.

"ನಮ್ಮ ಗೋದಾಮಿನಲ್ಲಿ ಒಬ್ಬರು ಬೇಕಾಗಿದ್ದಾರೆ" ಎಂದಳು ಕೊನೆಗೆ. "ಲಾರಿ ಬಂದಾಗ ಲೆಕ್ಕ ಕೂಗೋ ಕೆಲಸ. ದನಿ ಗಟ್ಟಿ ಇರೋರು ಬೇಕಂತೆ. ನಾನು ಹೇಳಿದ್ರೆ ತಗೋತಾರೆ. ಬರ್ತೀಯಾ?"

ಅವನು, ಸಭೆಗೆ ಹೊತ್ತಾಯಿತು ಅಕ್ಕ, ಜನ ಕಾಯುತ್ತಿದ್ದಾರೆ ಎಂದು ಹೇಳಿ ಇಟ್ಟ.

ಯಾರದು ಫೋನು ಎಂದು ಅತ್ತೆ ಒಳಗಿನಿಂದ ಕೇಳಿದರು. ಯಾರೂ ಅಲ್ಲ ಎಂದಳು ಟಿಕೆಟ್ಟಕ್ಕ. ಬಾಯಿಗೆ ಬಂದ ಬೈಗುಳವನ್ನು ಅಷ್ಟಕ್ಕೇ ನುಂಗಿಕೊಂಡು, ನೋಯುವ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳಲು ಕೂತಳು.